ಒಂದು ಎಸೆತ, 104 ವರ್ಷಗಳ ನಿಷೇಧ

1919ರ ಅಕ್ಟೋಬರ್ 1, ಸಿನ್ಸಿನಾಟಿ. ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ನರನ್ನು ನಿರ್ಧರಿಸುವ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ. ಶಿಕಾಗೊ ವೈಟ್ ಸಾಕ್ಸ್ ತಂಡದ ಪಿಚರ್ ಎಡ್ಡಿ ಸಿಕಾಟ್ ಎಸೆದ ಎರಡನೆಯ ಚೆಂಡು ಸಿನ್ಸಿನಾಟಿ ರೆಡ್ಸ್‌ನ ಮೊದಲ ಬ್ಯಾಟರ್‌ನ ಬೆನ್ನಿಗೆ ಬಡಿಯಿತು. ಆ ವರ್ಷ 29 ಪಂದ್ಯ ಗೆಲ್ಲಿಸಿದ್ದ ಸಿಕಾಟ್‌ನ ಕೈ ಜಾರಿತೆಂದು ಜನ ಅಂದುಕೊಂಡರು. ಜೂಜುಕೋರರಿಗೆ ಮಾತ್ರ ಅದು, ಹಣ ಪಡೆದು ಸರಣಿ ಸೋಲಲು ವೈಟ್ ಸಾಕ್ಸ್‌ನ ಕೆಲವು ಆಟಗಾರರ ಜೊತೆಗಿನ ವ್ಯವಹಾರ ಕುದುರಿದೆ ಎಂಬ ಸನ್ನೆ. 2010ರಲ್ಲಿ ಲಾರ್ಡ್ಸ್‌ನಲ್ಲಿ ದುಡ್ಡು ತೆತ್ತು ಹಾಕಿಸಿದ ನೋಬಾಲ್‌ಗಳನ್ನು ನೋಡಿದ ನಮಗೆ ಈ ವಿದ್ಯೆ ಹೊಸದೇನಲ್ಲ.

ಆ ಪಂದ್ಯವನ್ನು ವೈಟ್ ಸಾಕ್ಸ್ 9–1ರಿಂದ ಸೋತಿತು; ಸರಣಿಯನ್ನು 5–3ರಿಂದ.

ಏಕೆ ಮಾರಿಕೊಂಡರು? ಮಾಲೀಕ ಚಾರ್ಲ್ಸ್ ಕಾಮಿಸ್ಕಿ ಕಡುಜಿಪುಣ, ಹೊಟ್ಟೆಪಾಡಿಗಾಗಿ ಆಟಗಾರರು ದಾರಿ ತಪ್ಪಿದರು ಎಂಬ ಕಥೆ ಬಹುಕಾಲ ಓಡಿತು. ಆದರೆ ಆಗಿನ ಸಂಬಳದ ದಾಖಲೆಗಳನ್ನು ಕೆದಕಿದಾಗ ಆ ತಂಡದ ವೇತನ ಲೀಗ್‌ನಲ್ಲೇ ಮೇಲಿನ ಸಾಲಿನಲ್ಲಿತ್ತೆಂದು ತಿಳಿಯಿತು. ಒಪ್ಪಂದದ ಷರತ್ತೊಂದು ಆಟಗಾರನನ್ನು ಒಂದೇ ತಂಡಕ್ಕೆ ಕಟ್ಟಿಹಾಕುತ್ತಿದ್ದುದು ನಿಜ. ಹೆಚ್ಚು ಕೊಡುವವರ ಬಳಿ ಹೋಗುವಂತಿರಲಿಲ್ಲ. ಆದರೂ ಪಂದ್ಯಕ್ಕೆ ಮುನ್ನ ಹೋಟೆಲ್ ಕೋಣೆಯಲ್ಲಿ ದಿಂಬಿನಡಿ ಸಿಕ್ಕಿದ 10,000 ಡಾಲರನ್ನು ಸಿಕಾಟ್ ಎತ್ತಿಟ್ಟುಕೊಂಡದ್ದಕ್ಕೆ ಬಡತನವೊಂದೇ ಉತ್ತರವಾಗಲಾರದು.

1920ರ ಸೆಪ್ಟೆಂಬರಿನಲ್ಲಿ ಅವನು ತಪ್ಪೊಪ್ಪಿಕೊಂಡ. ಮೊಕದ್ದಮೆ ಶುರುವಾಗುವ ಹೊತ್ತಿಗೆ ತಪ್ಪೊಪ್ಪಿಗೆಯ ಸಹಿ ಪತ್ರಗಳೇ ಮಾಯ! 1921ರ ಆಗಸ್ಟ್ 2ರಂದು ಜ್ಯೂರಿ ಮೂರು ಗಂಟೆಯೊಳಗೆ ಎಲ್ಲರನ್ನೂ ಖುಲಾಸೆಗೊಳಿಸಿತು. ಮಾರನೆಯ ದಿನವೇ ಬೇಸ್‌ಬಾಲ್‌ನ ಹೊಸ ಕಮಿಷನರ್, ನ್ಯಾಯಾಧೀಶ ಕೆನೆಸಾ ಲ್ಯಾಂಡಿಸ್, ಜ್ಯೂರಿ ಏನೇ ಹೇಳಲಿ ಎಂದು ಕಳ್ಳಾಟದಲ್ಲಿ ಹೆಸರು ಕೇಳಿಬಂದಿದ್ದ ವೈಟ್ ಸಾಕ್ಸ್‌ನ ಎಂಟೂ ಆಟಗಾರರನ್ನು ಶಾಶ್ವತವಾಗಿ ಹೊರಹಾಕಿದ. ಹಣದ ಹಿಂದಿನ ಕೈ ಎನ್ನಲಾದ ನ್ಯೂಯಾರ್ಕ್‌ನ ಅರ್ನಾಲ್ಡ್ ರಾತ್‌ಸ್ಟೈನ್ ಮೇಲೆ ಆರೋಪಪಟ್ಟಿಯೂ ಬೀಳಲಿಲ್ಲ.

ಲ್ಯಾಂಡಿಸ್‌ನ ತಕ್ಕಡಿ ವಿಚಿತ್ರವಾದದ್ದು. ‘ಶೂಲೆಸ್’ ಜೋ ಜಾಕ್ಸನ್ 5,000 ಡಾಲರ್ ಪಡೆದ, ಆದರೆ ಸರಣಿಯಲ್ಲಿ 12 ಹಿಟ್ ಬಾರಿಸಿ .375ರ ಉತ್ತಮ ಬ್ಯಾಟಿಂಗ್ ಸರಾಸರಿ ಕಾಯ್ದುಕೊಂಡ. ಬಕ್ ವೀವರ್ ಒಂದು ಕಾಸೂ ಮುಟ್ಟಲಿಲ್ಲ, .324ರ ಸರಾಸರಿಯಲ್ಲಿ ಆಡಿದ. ಕಳ್ಳಾಟದ ಮಾತುಕತೆಯಲ್ಲಿ ಕೂತಿದ್ದೂ ಬಾಯಿ ಬಿಡದಿದ್ದುದೇ ಅವನ ತಪ್ಪು. ಹಣ ಪಡೆದವನಿಗೂ ಸುಮ್ಮನಿದ್ದವನಿಗೂ ಒಂದೇ ಶಿಕ್ಷೆ. ನನಗೆ ಜಾಕ್ಸನ್‌ಗಿಂತ ವೀವರ್‌ನ ಪ್ರಕರಣವೇ ಹೆಚ್ಚು ಕಾಡುತ್ತದೆ. ನಿಷೇಧ ತೆಗೆಯಿರೆಂದು ಮತ್ತೆ ಮತ್ತೆ ಅರ್ಜಿ ಹಾಕಿದ ಆತ 1956ರಲ್ಲಿ ತೀರಿಕೊಂಡ.

2025ರ ಮೇ 13ರಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್, ಸತ್ತವರಿಂದ ಆಟಕ್ಕೆ ಅಪಾಯವಿಲ್ಲವೆಂದು ಆ ಎಂಟು ಮಂದಿಯನ್ನೂ, ಬೆಟ್ಟಿಂಗ್‌ಗಾಗಿ 1989ರಲ್ಲಿ ಹೊರಬಿದ್ದಿದ್ದ ಆಟಗಾರ ಪೀಟ್ ರೋಸ್‌ನನ್ನೂ ನಿಷೇಧಿತರ ಪಟ್ಟಿಯಿಂದ ತೆಗೆದರು. ವೀವರ್ ತಪ್ಪಿತಸ್ಥನೋ ಅಲ್ಲವೋ ಎಂಬ ಗೊಡವೆಗೆ ಆ ಆದೇಶ ಹೋಗಲಿಲ್ಲ.