ಉರಿಯೂತ ಅಂದರೆ ಉಷ್ಣ ಅಲ್ಲ

ಮಂಡ್ಯ ಕಡೆಯ ತಾಯಿಯೊಬ್ಬರು ಮಗಳ ಜೊತೆ ನನ್ನ ಬಳಿ ಬಂದಿದ್ದರು. ವಯಸ್ಸು 58. ಸಕ್ಕರೆ ಕಾಯಿಲೆ ಶುರುವಾಗಿ 6 ವರ್ಷ, ಜೊತೆಗೆ ಮಂಡಿ ನೋವು. ಕೈಯಲ್ಲಿದ್ದ ಲ್ಯಾಬ್ ಚೀಟಿಯಲ್ಲಿ ಎಚ್‌ಎಸ್-ಸಿಆರ್‌ಪಿ ಅನ್ನುವ ಸಾಲಿನ ಮುಂದೆ 4.6 ಅಂತ ದಪ್ಪಕ್ಷರದಲ್ಲಿ ಇತ್ತು. "ಮೈಯಲ್ಲಿ ಉರಿಯೂತ ಇದೆ, ಊಟದ ವಿಷಯ ಕೇಳಿಕೊಂಡು ಬನ್ನಿ" ಅಂತ ಅವರ ಡಾಕ್ಟರು ಕಳಿಸಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅವರು ಪಥ್ಯ ಶುರು ಮಾಡಿ ಮೂರು ವಾರ ಆಗಿತ್ತು. ಹುರುಳಿ ಬಿಟ್ಟಿದ್ದರು. ಪರಂಗಿ ಹಣ್ಣು ಬಿಟ್ಟಿದ್ದರು. ಮೊಟ್ಟೆ, ಮೀನು, ನುಗ್ಗೆಸೊಪ್ಪು, ಬೆಳ್ಳುಳ್ಳಿ ಎಲ್ಲ ಬಂದ್.

"ಉರಿ ಅಂದ್ರಲ್ಲ ಮೇಡಂ, ಅದುಕ್ಕೆ ಉಷ್ಣದ್ದೆಲ್ಲ ಬುಟ್ಬುಟ್ಟೆ. ತಂಪಿಂದೇ ತಿಂತಾ ಇವ್ನಿ."

ತಂಪು ಅಂದರೆ ಏನು ಅಂತ ಕೇಳಿದೆ. ಎರಡು ಹೊತ್ತು ಮೊಸರನ್ನ, ಬೆಳಿಗ್ಗೆ ಸಬ್ಬಕ್ಕಿ ಗಂಜಿ, ಮಧ್ಯಾಹ್ನ ಎಳನೀರು, ಸಂಜೆ ಹಾಲಿನಲ್ಲಿ ಅದ್ದಿದ ರಸ್ಕು. ಮಗಳು ನನ್ನ ಮುಖ ನೋಡಿದರು. ನಾನು ಚೀಟಿ ನೋಡಿದೆ.

ತಪ್ಪು ಅವರದಲ್ಲ, ಪದದ್ದು. ಉರಿಯೂತ ಅನ್ನುವುದು ಒಳ್ಳೆಯ ಪದವೇ. ಉರಿ, ಊತ ಎರಡೂ ಅದರಲ್ಲಿವೆ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಎರಡು ಸಾವಿರ ವರ್ಷದ ಹಿಂದೆ ರೋಮ್‌ನ ಸೆಲ್ಸಸ್ ಬರೆದಿಟ್ಟ ನಾಲ್ಕು ಲಕ್ಷಣಗಳೂ ಇವೇ. ಆದರೆ ವರ್ಷಗಟ್ಟಲೆ ಒಳಗೇ ನಡೆಯುವ ಉರಿಯೂತದಲ್ಲಿ ಈ ನಾಲ್ಕರಲ್ಲಿ ಒಂದೂ ಕಾಣದೆ ಇರಬಹುದು. ಮೈ ಮುಟ್ಟಿದರೆ ಬಿಸಿ ಇಲ್ಲ, ಬಾಯಲ್ಲಿ ಹುಣ್ಣಿಲ್ಲ, ಕಣ್ಣುರಿ ಇಲ್ಲ. ನಮ್ಮ ಮನೆಗಳಲ್ಲಿ ಉಷ್ಣ ಅನ್ನುವುದು ಬೇರೆ ಲೆಕ್ಕ. ಆ ಲೆಕ್ಕದಲ್ಲಿ ಉಷ್ಣ ಅನ್ನಿಸಿಕೊಂಡ ಎಷ್ಟೋ ಪದಾರ್ಥ ಈ ಲೆಕ್ಕದಲ್ಲಿ ಬೇಕಾದವೇ. ಹುರುಳಿ ಅದರಲ್ಲಿ ಮೊದಲನೆಯದು.

ಮೊದಲು ಆ 4.6ರ ವಿಷಯ ಹೇಳಿಬಿಡುತ್ತೇನೆ. ಸಿಆರ್‌ಪಿ ನಮ್ಮ ಲಿವರ್ ತಯಾರಿಸುವ ಒಂದು ಪ್ರೋಟೀನು. 1930ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದರು. ಮೈಯಲ್ಲಿ ಎಲ್ಲೇ ಸೋಂಕು, ಗಾಯ, ಕಿರಿಕಿರಿ ಇದ್ದರೂ ಇದು ಏರುತ್ತದೆ. ಎಚ್‌ಎಸ್ ಅಂದರೆ ತುಂಬಾ ಸಣ್ಣ ಏರಿಕೆಯನ್ನೂ ಹಿಡಿಯುವ ಪರೀಕ್ಷೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ದೃಷ್ಟಿಯಿಂದ ನಿರಾಳ, 1ರಿಂದ 3 ನಡುಮಟ್ಟ, 3ರ ಮೇಲೆ ಜಾಸ್ತಿ. 10 ದಾಟಿದರೆ ಬಹುತೇಕ ಸಾರಿ ಯಾವುದೋ ಸೋಂಕು. ಆಗ ಊಟದ ಮಾತು ಬೇಡ. ಸೋಂಕು ವಾಸಿಯಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು. ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರಿಗೆ 14 ಬಂದಿತ್ತು. ಗಾಬರಿ ಬಿದ್ದು ಅರ್ಧ ಗಂಟೆ ಭಾಷಣ ಬಿಗಿದೆ. ಆಮೇಲೆ ಗೊತ್ತಾಯಿತು, ಹಿಂದಿನ ವಾರವಷ್ಟೇ ಅವರಿಗೆ ಜ್ವರ, ಕೆಮ್ಮು. ತಿಂಗಳಾದ ಮೇಲೆ ನೋಡಿದರೆ 0.9. ಹುಳುಕು ಹಲ್ಲು, ವಸಡಿನ ರೋಗ, ಬೀಡಿ ಸಿಗರೇಟು, ನಿದ್ದೆಗೆಡುವುದು ಎಲ್ಲವೂ ಈ ಸಂಖ್ಯೆಯನ್ನು ಮೇಲೆ ತಳ್ಳಬಲ್ಲವು. ಹಾಗಾಗಿ ಈಗ ಮೊದಲು ಬಾಯಿ ತೆರೆಸಿ ವಸಡು ನೋಡುತ್ತೇನೆ, ತಟ್ಟೆಯ ಮಾತು ಆಮೇಲೆ.

ಸಣ್ಣ ಉರಿಯೂತಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳುವವರಿದ್ದಾರೆ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಅನ್ನುವ ಪ್ರಯೋಗವನ್ನು ಅವರಿಗೆ ಹೇಳುತ್ತೇನೆ. ಒಮ್ಮೆ ಹೃದಯಾಘಾತ ಆಗಿ, ಸಿಆರ್‌ಪಿ ಏರಿಯೇ ಇದ್ದ 10,000ಕ್ಕೂ ಹೆಚ್ಚು ಜನರು ಅದರಲ್ಲಿದ್ದರು. ಅವರಲ್ಲಿ ಕೆಲವರಿಗೆ ಉರಿಯೂತವನ್ನಷ್ಟೇ ತಗ್ಗಿಸುವ ಇಂಜೆಕ್ಷನ್ ಕೊಟ್ಟರು. ಕೆಟ್ಟ ಕೊಲೆಸ್ಟ್ರಾಲ್ ಇದ್ದಲ್ಲೇ ಇತ್ತು. ಆದರೂ 150 ಮಿಲಿಗ್ರಾಂ ಪಡೆದ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಅಪಾಯ 15% ಕಡಿಮೆಯಾಯಿತು. ಆದರೆ ಆ ಔಷಧಿ ಪಡೆದವರಲ್ಲಿ ಸೋಂಕಿನಿಂದ ಸಾಯುವವರು ಸ್ವಲ್ಪ ಹೆಚ್ಚಿದರು. ಅದಕ್ಕೇ ಅದು ಎಲ್ಲರಿಗೂ ಕೊಡುವ ಮದ್ದಾಗಲಿಲ್ಲ. ಉರಿಯೂತವನ್ನು ಪೂರ್ತಿ ಆರಿಸುವುದೂ ಬೇಡ, ಮುಳ್ಳು ಚುಚ್ಚಿದಾಗ ಅದು ಬೇಕೇ ಬೇಕು.

ಸೋಂಕಿಲ್ಲ, ಹಲ್ಲು ಸರಿ ಇದೆ, ಆದರೂ ಸಂಖ್ಯೆ ಮೇಲಿದೆ ಅಂದರೆ ನಾನು ಟೇಪು ತೆಗೆಯುತ್ತೇನೆ. ಹೊಟ್ಟೆಯ ಒಳಗೆ, ಕರುಳು ಲಿವರ್‌ಗಳ ಸುತ್ತ ಸೇರುವ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಅದು ಉರಿಯೂತದ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಆ ಸಂದೇಶ ಸಿಕ್ಕಿದ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆಯ ಗಡಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಈ ತಾಯಿಯದು 94 ಇತ್ತು. ಕೈಕಾಲು ಮಾತ್ರ ಸಣ್ಣ. "ನಾನೇನು ದಪ್ಪ ಇಲ್ವಲ್ಲ" ಅನ್ನುವವರ ಹೊಟ್ಟೆ ಅಳೆದರೆ ಎಷ್ಟೋ ಸಾರಿ ಹೀಗೇ. ತೂಕ ಇಳಿಸಿದ ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಕಂಡದ್ದು ಇಷ್ಟು: ತೂಕ ಒಂದು ಕಿಲೋ ಇಳಿದರೆ ಸಿಆರ್‌ಪಿ ಸರಾಸರಿ 0.13 ಇಳಿಯುತ್ತದೆ. ಸಣ್ಣ ಇಳಿಕೆ, ಆದರೆ ನಂಬಬಹುದಾದದ್ದು. ಯಾವ ಪುಡಿ, ಯಾವ ಕಷಾಯಕ್ಕೂ ನಾನು ಇಷ್ಟು ಧೈರ್ಯದಿಂದ ಸಂಖ್ಯೆ ಹೇಳಲಾರೆ.

ಪುಡಿ ಅಂದಾಗ ಅರಿಶಿನ ನೆನಪಾಗುತ್ತದೆ, ಅಲ್ವಾ? ಅರಿಶಿನದಲ್ಲಿರುವ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಜೊತೆಗೆ ಕಾಳುಮೆಣಸಿನ ಪೈಪರೀನ್ ಇದ್ದರೆ 20 ಪಟ್ಟು ಜಾಸ್ತಿ ಸೇರುತ್ತದೆ ಅನ್ನುವ ಮಾತು ಇವತ್ತು ಪ್ರಪಂಚವೆಲ್ಲ ಓಡಾಡುತ್ತಿದೆ. ಅದು ಹುಟ್ಟಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ, 1998ರಲ್ಲಿ ಪ್ರಕಟವಾದ ಅಧ್ಯಯನದಿಂದ. ಹೆಮ್ಮೆಯ ವಿಷಯವೇ. ಆದರೆ ಅಲ್ಲಿ ಸ್ವಯಂಸೇವಕರಿಗೆ ಕೊಟ್ಟದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3%. ಅಂದರೆ 2 ಗ್ರಾಂ ಬೇಕಾದರೆ 65 ಗ್ರಾಂಗೂ ಹೆಚ್ಚು ಅರಿಶಿನ ತಿನ್ನಬೇಕು. ಅಷ್ಟು ಹಾಕಿದ ಸಾರನ್ನು ಯಾರು ಉಣ್ಣುತ್ತಾರೆ? ಇನ್ನೊಂದು ಮಾತು, ಆ ಅಧ್ಯಯನ ಅಳೆದದ್ದು ರಕ್ತಕ್ಕೆ ಎಷ್ಟು ಸೇರಿತು ಅನ್ನುವುದನ್ನು. ಉರಿಯೂತ ಇಳಿಯಿತಾ ಅಂತ ಅಲ್ಲಿ ನೋಡಿಲ್ಲ. ಒಗ್ಗರಣೆಗೆ ಅರಿಶಿನ ಹಾಕಿ, ಸಾರಿಗೆ ಮೆಣಸು ಕುಟ್ಟಿ ಹಾಕಿ, ರುಚಿಯಾಗಿರುತ್ತದೆ. ಡಬ್ಬಿಯಲ್ಲಿ ಬರುವ ಗಟ್ಟಿ ಡೋಸಿನ ಕ್ಯಾಪ್ಸೂಲನ್ನು ಮಾತ್ರ ಡಾಕ್ಟರನ್ನು ಕೇಳದೆ ನುಂಗಬೇಡಿ. ಅದರಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ವರದಿಯಾಗಿವೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು.

ಹಾಗಾದರೆ ತಟ್ಟೆಯಲ್ಲಿ ಏನು ಮಾಡಬೇಕು? ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಅನ್ನ ಎಷ್ಟು ಸೌಟು, ಪಲ್ಯ ಎಷ್ಟು ಚಮಚ? ಮೈಸೂರು, ಮಂಡ್ಯ ಕಡೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಅನ್ನ ನಾಲ್ಕು ಸೌಟು, ಪಲ್ಯ ಎರಡು ಚಮಚ. ಬಸ್ಸಾರಿನ ಕತೆ ನೋಡಿ. ಸೊಪ್ಪು, ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಸಾರು ಮಾಡುತ್ತೇವೆ, ಉಳಿದ ಸೊಪ್ಪು ಕಾಳು ಪಲ್ಯವಾಗುತ್ತದೆ. ನಾರು ಬಹುಪಾಲು ಉಳಿಯುವುದು ಪಲ್ಯದಲ್ಲಿ. ನಾವು ಅನ್ನದ ರಾಶಿಗೆ ಸಾರು ಸುರಿದುಕೊಂಡು, ಪಲ್ಯವನ್ನು ತಟ್ಟೆಯ ಮೂಲೆಗೆ ನೆಂಚಿಕೊಳ್ಳಲು ಇಟ್ಟುಕೊಳ್ಳುತ್ತೇವೆ. ಅಡುಗೆ ಸರಿಯಾಗಿಯೇ ಇದೆ, ಬಡಿಸುವುದು ತಲೆಕೆಳಗು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ದಿನದ ಊಟಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಅಂತಿದೆ. ಧಾನ್ಯ ಅಂದರೆ ಅಕ್ಕಿ, ರಾಗಿ, ಗೋಧಿ, ರವೆ ಎಲ್ಲ ಸೇರಿ. ಈ ತಾಯಿಯ ಲೆಕ್ಕ ಹಾಕಿದರೆ ಅಕ್ಕಿ ಒಂದೇ ಆ ಮಿತಿ ದಾಟಿತ್ತು. ಸಬ್ಬಕ್ಕಿ, ರಸ್ಕು ಬೇರೆ. ತರಕಾರಿ 100 ಗ್ರಾಂ ಮುಟ್ಟಿದ್ದರೆ ಹೆಚ್ಚು.

ನಾರಿನ ಮೇಲೆ ಯಾಕಿಷ್ಟು ಜೋರು ಅಂದರೆ, ಅದನ್ನು ನಾವು ಅರಗಿಸಿಕೊಳ್ಳುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅರಗಿಸುತ್ತವೆ. ಹಾಗೆ ಅರಗಿಸುವಾಗ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನ ಆಮ್ಲಗಳು ಹುಟ್ಟುತ್ತವೆ. ಕರುಳಿನ ಗೋಡೆಯ ಜೀವಕೋಶಗಳಿಗೆ ಅದೇ ಊಟ. ಗೋಡೆ ಗಟ್ಟಿ ಇದ್ದರೆ ಬ್ಯಾಕ್ಟೀರಿಯಾದ ಚೂರುಪಾರು ರಕ್ತಕ್ಕೆ ನುಸುಳಿ ಉರಿಯೂತ ಎಬ್ಬಿಸುವುದು ಕಡಿಮೆ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಂತ ಎರಡು ದಪ್ಪ ಮುದ್ದೆ ನುಂಗಿ, ಮೇಲೆ ಅನ್ನವನ್ನೂ ಉಂಡರೆ ಲೆಕ್ಕ ಮತ್ತೆ ಅಲ್ಲಿಗೇ ಬರುತ್ತದೆ. ಒಂದು ಮುದ್ದೆ, ಜೊತೆಗೆ ಎರಡು ಸೌಟು ಕಾಳಿನ ಪಲ್ಯ, ಸಾರು. ಬಡಗಣ ಸೀಮೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಹಸಿ ಮೆಂತ್ಯ ಸೊಪ್ಪು, ಮೂಲಂಗಿ ಇಟ್ಟುಕೊಂಡು ಉಣ್ಣುವವರಿಗೆ ನಾನು ಹೇಳುವುದೇ ಕಡಿಮೆ. ಎಣ್ಣೆಗಾಯಿಯ ಎಣ್ಣೆ ಸ್ವಲ್ಪ ನೋಡಿಕೊಳ್ಳಿ ಅಂದರೆ ಮುಗಿಯಿತು.

ಮಜ್ಜಿಗೆಯನ್ನು ನಾನೂ ಬಿಡಿಸುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರ ಮೇಲೆ ನಡೆದ ಒಂದು ಸಣ್ಣ ಅಧ್ಯಯನ 2021ರಲ್ಲಿ ಬಂತು. 10 ವಾರ ಮೊಸರಿನಂಥ ಹುದುಗಿಸಿದ ಪದಾರ್ಥ ಹೆಚ್ಚು ತಿಂದ ಗುಂಪಿನಲ್ಲಿ ಉರಿಯೂತಕ್ಕೆ ಸಂಬಂಧಪಟ್ಟ 19 ಪ್ರೋಟೀನುಗಳು ಇಳಿದವು. ಬರೀ ನಾರು ಹೆಚ್ಚಿಸಿದ ಇನ್ನೊಂದು ಗುಂಪಿನಲ್ಲಿ ಅಷ್ಟು ಅವಧಿಗೆ ಎಲ್ಲರಲ್ಲೂ ಒಂದೇ ಥರದ ಇಳಿಕೆ ಕಾಣಲಿಲ್ಲ. ನನಗೆ ಅನ್ನಿಸುವುದು, ವರ್ಷಗಟ್ಟಲೆ ಬರೀ ಅನ್ನ ಕಂಡ ಕರುಳಿಗೆ ಒಂದೇ ಸಲ ಕಾಳಿನ ರಾಶಿ ಹಾಕಿದರೆ ಅದಕ್ಕೂ ಒಗ್ಗಬೇಕಲ್ಲ. ನಿಧಾನವಾಗಿ ಹೆಚ್ಚಿಸಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರ ಬಂದು ಮೂರನೇ ದಿನವೇ ಬಿಟ್ಟುಬಿಡುತ್ತೀರಿ. ಇಡ್ಲಿ, ದೋಸೆಯ ಹಿಟ್ಟು ಹುಳಿ ಬಂದಿದ್ದರೂ ಬೇಯಿಸುವಾಗ ಆ ಜೀವಿಗಳು ಸಾಯುತ್ತವೆ. ಮಜ್ಜಿಗೆಯಲ್ಲಿ ಬದುಕಿರುತ್ತವೆ. ನಮ್ಮ ಉಪ್ಪಿನಕಾಯಿಯನ್ನು ಈ ಪಟ್ಟಿಗೆ ಸೇರಿಸಬೇಡಿ, ಅದರಲ್ಲಿ ಉಪ್ಪು, ಎಣ್ಣೆಯೇ ಮುಂದು.

ಮೀನು ತಿನ್ನುವವರು ಭೂತಾಯಿ, ಬಂಗುಡೆ ತಿನ್ನಿ, ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಸಾರು, ಪುಳಿಮುಂಚಿ ಮಾಡಿ. ಉರಿಯೂತ ತಗ್ಗಿಸುವ ಒಮೆಗಾ 3 ನೇರವಾಗಿ ಸಿಗುವುದು ಇಂಥ ಎಣ್ಣೆ ಮೀನುಗಳಲ್ಲಿ. ಸಸ್ಯಾಹಾರಿಗಳಿಗೆ ಅಗಸೆ ಇದೆ. ಎರಡು ಚಮಚ ಅಗಸಿ ಚಟ್ನಿಪುಡಿ ಒಂದು ದಿನಕ್ಕೆ ಸಾಕು. ಅದರ ಒಮೆಗಾ 3 ಬೇರೆ ರೂಪದ್ದು, ಮೈಯಲ್ಲಿ ಮೀನಿನ ರೂಪಕ್ಕೆ ತಿರುಗುವುದು ಸ್ವಲ್ಪವೇ. ಹುರಿದು ಪುಡಿ ಮಾಡಿಯೇ ತಿನ್ನಬೇಕು, ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಸೂರ್ಯಕಾಂತಿ ಎಣ್ಣೆಯೇ ಉರಿಯೂತಕ್ಕೆ ಮೂಲ ಅನ್ನುವ ವಿಡಿಯೋಗಳನ್ನು ಜನ ತೋರಿಸುತ್ತಾರೆ. ಅದರಲ್ಲಿರುವ ಲಿನೋಲಿಕ್ ಆಮ್ಲ ಕೊಟ್ಟು ಮನುಷ್ಯರ ಮೇಲೆ ಮಾಡಿದ ಪ್ರಯೋಗಗಳಲ್ಲಿ ಸಿಆರ್‌ಪಿ ಏರಿಲ್ಲ. ಎಣ್ಣೆಯ ಜಾತಿಗಿಂತ ಅಳತೆ ನೋಡಿ. ವನಸ್ಪತಿಯ ಟ್ರಾನ್ಸ್ ಕೊಬ್ಬು ಮಾತ್ರ ನಿಜಕ್ಕೂ ಕೆಟ್ಟದ್ದು. 2022ರಿಂದ ಅದಕ್ಕೆ 2%ರ ಮಿತಿ ಬಂದಿದೆ. ಹಾಗಂತ ಬೇಕರಿ ಪಫ್ ಒಳ್ಳೆಯದಾಗಿಬಿಡಲಿಲ್ಲ, ಮೈದಾ, ಉಪ್ಪು, ಕೊಬ್ಬು ಅಲ್ಲೇ ಇವೆ.

ಇನ್ನು ನಂಜು. ಬದನೆಕಾಯಿ ನಂಜು, ಮಂಡಿ ನೋವಿರುವವರು ತಿನ್ನಬಾರದು ಅನ್ನುತ್ತಾರೆ. ಬದನೆ, ಟೊಮೆಟೊ ತಿಂದರೆ ಎಲ್ಲರಿಗೂ ಉರಿಯೂತ ಏರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ತಿಂದಾಗಲೆಲ್ಲ ನಿಮಗೆ ತುರಿಕೆ ಬರುತ್ತದೆ ಅಂದರೆ ಅದು ನಿಮ್ಮ ಅಲರ್ಜಿ ಇರಬಹುದು, ನೀವು ಬಿಡಿ. ಮನೆಮಂದಿಗೆಲ್ಲ ಬಿಡಿಸಬೇಡಿ. ಸಂಧಿವಾತಕ್ಕೆ ಮಾತ್ರೆ ತೆಗೆದುಕೊಳ್ಳುವವರು ಊಟ ಸರಿ ಮಾಡಿಕೊಂಡೆ ಅಂತ ಮಾತ್ರೆ ನಿಲ್ಲಿಸಬಾರದು. ಕಿಡ್ನಿ ತೊಂದರೆ ಇರುವವರು ಸೊಪ್ಪು, ಕಾಳಿನ ಅಳತೆಯನ್ನು ತಮ್ಮ ಡಾಕ್ಟರನ್ನೇ ಕೇಳಬೇಕು.

ಆ ತಾಯಿಗೆ ನಾನು ಹೇಳಿದ್ದು ಮೂರೇ ಮಾತು. ಅನ್ನದ ಸೌಟು, ಪಲ್ಯದ ಚಮಚ ಅದಲುಬದಲು ಮಾಡಿ. ರಸ್ಕು, ಸಬ್ಬಕ್ಕಿ ನಿಲ್ಲಿಸಿ. ಸಂಜೆ ಮಂಡಿ ಒಪ್ಪುವಷ್ಟು ನಡೆಯಿರಿ. ಬಿಟ್ಟದ್ದನ್ನೆಲ್ಲ ಮತ್ತೆ ತಿನ್ನಿ ಅಂದಾಗ ಅವರು ನಂಬಲೇ ಇಲ್ಲ. "ಉಳ್ಳಿಕಾಳೂ ತಿನ್ನದಾ?" ಅಂತ ಎರಡು ಸಲ ಕೇಳಿದರು.

ನಾಲ್ಕು ತಿಂಗಳಾದ ಮೇಲೆ ಬಂದರು. ತೂಕ ನಾಲ್ಕೂವರೆ ಕಿಲೋ ಇಳಿದಿತ್ತು, ಸೊಂಟ 89. ಸಿಆರ್‌ಪಿ 3.4. ಈ ಸಂಖ್ಯೆ ತನ್ನಷ್ಟಕ್ಕೇ ಏರಿ ಇಳಿಯುವುದೂ ಉಂಟು, ಹಾಗಾಗಿ ನಾನು ಅದಕ್ಕಿಂತ ಟೇಪಿನ ಅಳತೆಗೇ ಖುಷಿಪಟ್ಟೆ. ಹುರುಳಿ ತಿಂದಿರಾ ಅಂತ ಕೇಳಿದೆ.

"ವಾರಕ್ಕೆರಡು ಸಲ ಉಳ್ಳಿಕಟ್ಟಿನ ಸಾರು ಮೇಡಂ. ಆದ್ರೂ ಉಷ್ಣ ಅಲ್ವಾ, ಜೊತೇಲಿ ಒಂದು ಚೊಂಬು ಮಜ್ಜಿಗೆ ಕುಡ್ದುಬುಡ್ತೀನಿ."

ಹಾಗೇ ಕುಡಿಯಿರಿ ಅಂದೆ.