ದೂರದ ಆಂಪ್ಲಿಫೈಯರಿಗೆ ಗೋಡೆಯೊಳಗಿನ ಲ್ಯಾನ್ ವಯರೇ ಸಾಕು

ಕಂಪ್ಯೂಟರ್ ಉಪ್ಪರಿಗೆಯ ಕೋಣೆಯಲ್ಲಿ, ಆಂಪ್ಲಿಫೈಯರ್ ಕೆಳಗೆ ಚಾವಡಿಯಲ್ಲಿ. ನಡುವೆ ಎರಡು ಮುರಕಲ್ಲಿನ ಗೋಡೆ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಇದು ಮಾಮೂಲು. ಕಂಪ್ಯೂಟರಿನಲ್ಲಿ ತುಂಬಿಸಿಟ್ಟ ತಾಳಮದ್ದಳೆಯನ್ನು ಮನೆಮಂದಿಯೆಲ್ಲ ಚಾವಡಿಯಲ್ಲಿ ಕೂತು ಕೇಳೋಣವೆಂದರೆ, ಆ ಗೋಡೆ ದಾಟುವಷ್ಟರಲ್ಲಿ ಬ್ಲೂಟೂತ್ ತುಂಡು ತುಂಡಾಗುತ್ತದೆ. ವಯರ್ ಎಳೆಯಲು ಹೊರಟರೆ ಎರಡು ಮಾತು ಎದುರಾಗುತ್ತವೆ: ದೂರ ಹೆಚ್ಚಾದರೆ ಸ್ವರ ಸಾಯುತ್ತದೆ, ಹಾಗಾಗಿ ಚಿನ್ನದ ಲೇಪದ, ಬಾಣದ ಗುರುತಿನ ದುಬಾರಿ ಕೇಬಲ್ಲೇ ಬೇಕು. ಎರಡೂ ಸುಳ್ಳು. ಗೋಡೆಯೊಳಗೆ ಮೊದಲೇ ಇರುವ ಲ್ಯಾನ್ ವಯರ್, ಇಲ್ಲವೇ ಲ್ಯಾಂಡ್‌ಲೈನ್ ಬಿಟ್ಟ ಮೇಲೆ ಸುಮ್ಮನೆ ಉಳಿದ ಟೆಲಿಫೋನ್ ವಯರ್ (ಎರಡು ಎಳೆ ಹುರಿ ಹೊಸೆದಿದ್ದರೆ) ಧಾರಾಳ ಸಾಕು.

ಲೆಕ್ಕ ಹಾಕಿ ನೋಡಿ. ಲ್ಯಾನ್‌ಗೆ ಬಳಸುವ ಕ್ಯಾಟ್ 5 ಕೇಬಲಿನ ಒಂದು ಎಳೆಗೆ 30 ಮೀಟರಿನಲ್ಲಿ ಸುಮಾರು ಎರಡೂವರೆ ಓಮ್ ತಡೆ. ಹೋಗಿ ಬರುವಾಗ 5 ಓಮ್. ಆ ಜೋಡಿಗೆ 8 ಓಮಿನ ಸ್ಪೀಕರನ್ನೇ ಕಟ್ಟಿದರೆ ಶಕ್ತಿಯ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ವಯರಿನಲ್ಲೇ ಬಿಸಿಯಾಗಿ ಹೋಗುತ್ತದೆ. ದೂರ ಒಯ್ಯಬೇಕಾದ್ದು ಆಂಪ್ಲಿಫೈಯರಿನ ಒಳಗೆ ಹೋಗುವ ಸಂಕೇತವನ್ನು. ಅದು ಹೆಚ್ಚೆಂದರೆ ಒಂದು ವೋಲ್ಟ್ ಆಸುಪಾಸು, ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಆಂಪ್ಲಿಫೈಯರಿನ ಇನ್‌ಪುಟ್ ತಡೆ 10,000 ಓಮ್ ಇದ್ದರೆ ಆ 5 ಓಮಿನಿಂದ ಆಗುವ ನಷ್ಟ ಎರಡು ಸಾವಿರದಲ್ಲಿ ಒಂದು ಪಾಲು. ಚಕ್ರತಾಳದ ಝಣತ್ಕಾರ ಮಂಕಾಗುತ್ತದೆಯೇ? ಈ ಕೇಬಲಿನ ಕೆಪಾಸಿಟೆನ್ಸ್ (ಎಳೆಗಳ ನಡುವೆ ವಿದ್ಯುತ್ ಹಿಡಿದಿಡುವ ಗುಣ) ಮೀಟರಿಗೆ ಸುಮಾರು 50 ಪಿಕೋಫ್ಯಾರಡ್, 30 ಮೀಟರಿಗೆ 1,500. ಕಂಪ್ಯೂಟರಿನ ಔಟ್‌ಪುಟ್ ತಡೆಯನ್ನು 1,000 ಓಮ್ ಎಂದು ಧಾರಾಳವಾಗಿ ಹಿಡಿದರೂ ಇದರಿಂದ ಸ್ವರ ಗಣನೀಯವಾಗಿ ಕುಗ್ಗುವುದು 1 ಲಕ್ಷ ಹರ್ಟ್ಸ್ ಹತ್ತಿರ. ಮನುಷ್ಯರ ಕಿವಿ 20,000ಕ್ಕೇ ನಿಲ್ಲುತ್ತದೆ. ಇನ್ನು ಬಾಣ: 1,000 ಹರ್ಟ್ಸಿನ ಸ್ವರದಲ್ಲಿ ಕರೆಂಟು ಸೆಕೆಂಡಿಗೆ 2,000 ಸಲ ದಿಕ್ಕು ತಿರುಗುತ್ತದೆ. ಹೊರಜಾಲರಿಯನ್ನು ಒಂದೇ ತುದಿಗೆ ಕಟ್ಟಿದ ಕೇಬಲಿನಲ್ಲಿ ಬಾಣಕ್ಕೆ ಒಂದು ಅರ್ಥವುಂಟು; ತಾಮ್ರಕ್ಕೆ ದಿಕ್ಕಿಲ್ಲ.

ಹಾಗಾದರೆ ಉದ್ದ ವಯರ್ ಹಾಕಿದ ಕೂಡಲೇ ಗುಂಯ್ ಎಂಬ ಹಮ್ಮಿಂಗ್ ಎಲ್ಲಿಂದ? ಅರ್ತಿಂಗ್‌ನಿಂದ. ಉಪ್ಪರಿಗೆಯ ಪ್ಲಗ್ಗಿನ ಅರ್ತೂ ಚಾವಡಿಯ ಅರ್ತೂ ಹೆಸರಿಗೆ ಒಂದೇ. ಎರಡರ ನಡುವೆ ಸ್ವಲ್ಪ ವೋಲ್ಟೇಜು ಇದ್ದೇ ಇರುತ್ತದೆ. ಹಳೆಯ ಮನೆಗೆ ಹೊಸ ಭಾಗ ಸೇರಿಸಿ ಬೇರೆ ಅರ್ತಿಂಗ್ ಗುಂಡಿ ತೋಡಿದ್ದರಂತೂ, ಬೇಸಗೆಯಲ್ಲಿ ಮುರಕಲ್ಲಿನ ನೆಲ ಒಣಗಿದಾಗ ಅದು ಇನ್ನೂ ಹೆಚ್ಚಬಹುದು. ಸಾದಾ ಆಡಿಯೊ ವಯರಿನಲ್ಲಿ ನಡುವಿನ ಎಳೆ ಸ್ವರ ಒಯ್ದರೆ ಸುತ್ತಲಿನ ಜಾಲರಿಯೇ ವಾಪಸು ದಾರಿ. ಆ ವೋಲ್ಟೇಜು ಜಾಲರಿಯಲ್ಲಿ ಕರೆಂಟು ಹರಿಸಿ 50 ಹರ್ಟ್ಸಿನ ಮೊರೆತವನ್ನು ಸ್ವರಕ್ಕೆ ಬೆರೆಸುತ್ತದೆ.

ಇದಕ್ಕೆ ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಕಾಲು ಕಿತ್ತುಬಿಡುವ ಪದ್ಧತಿ ಉಂಟು. ದಯವಿಟ್ಟು ಅದನ್ನು ಮಾಡಬೇಡಿ. ಅರ್ತ್ ಇಲ್ಲದ ಡೆಸ್ಕ್‌ಟಾಪಿನ ಪೆಟ್ಟಿಗೆ, ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರುಗಳ ಮೂಲಕ 230 ವೋಲ್ಟಿನ ಅರ್ಧದಷ್ಟಕ್ಕೆ ಏರಿ ಕೈಗೆ ಜುಂ ಎನ್ನುತ್ತದೆ. ಒಳಗೆ ಇನ್ಸುಲೇಶನ್ ಹೋದ ದಿನ ಪೂರ್ತಿ 230 ವೋಲ್ಟ್ ಇದೇ ಆಡಿಯೊ ವಯರ್ ಹಿಡಿದು ಚಾವಡಿಗೆ ಇಳಿಯುತ್ತದೆ.

ಸರಿಯಾದ ಮದ್ದು ಬಹಳ ಹಳೆಯದು. ಮೊದಮೊದಲ ಟೆಲಿಫೋನುಗಳಿಗೆ ಒಂದೇ ತಂತಿ ಇತ್ತು, ವಾಪಸು ದಾರಿ ನೆಲ. ವಿದ್ಯುತ್ ಟ್ರಾಮುಗಳು ಬಂದಮೇಲೆ ಅವುಗಳ ಕರೆಂಟು ಅದೇ ನೆಲದಲ್ಲಿ ಹರಿದು ಫೋನಿನಲ್ಲಿ ಮೊರೆಯತೊಡಗಿತು. ಎರಡು ತಂತಿ ಹಾಕಿ, ಅವನ್ನು ಒಂದಕ್ಕೊಂದು ಹೊಸೆಯುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ.

ಹೊಸೆದರೆ ಏನಾಗುತ್ತದೆ? ಆಟಿಯ ಓರೆಮಳೆಯಲ್ಲಿ ಒಂದೇ ಕೊಡೆಯಡಿ ಇಬ್ಬರು ನಡೆದರೆ ಮಳೆಯ ಬದಿಯವನು ಹೆಚ್ಚು ಒದ್ದೆ. ಹೆಜ್ಜೆಗೊಮ್ಮೆ ಬದಿ ಬದಲಿಸುತ್ತ ಹೋದರೆ ಮನೆ ಮುಟ್ಟುವಾಗ ಇಬ್ಬರೂ ಸಮ ಒದ್ದೆ. ಹುರಿಯ ಎರಡು ಎಳೆಗಳೂ ಹಾಗೆಯೇ ಪಕ್ಕದ ಕರೆಂಟಿನ ವಯರಿಗೆ ಸರದಿಯಲ್ಲಿ ಹತ್ತಿರವಾಗುತ್ತ ಸಮನಾಗಿ ಗಲಾಟೆ ಹೀರುತ್ತವೆ. ಇನ್ನು ಆಂಪ್ಲಿಫೈಯರ್ ಬದಿಯಲ್ಲಿ ಕೂರಿಸುವ ಟ್ರಾನ್ಸ್‌ಫಾರ್ಮರು ತಕ್ಕಡಿ ಇದ್ದಂತೆ: ಎರಡೂ ತಟ್ಟೆಗೆ ಒಂದೇ ತೂಕ ಬಿದ್ದರೆ ಮುಳ್ಳು ಅಲ್ಲಾಡದು. ಸಮನಾಗಿ ಬಂದ ಗಲಾಟೆ, ಎರಡು ಅರ್ತುಗಳ ನಡುವಿನ ವೋಲ್ಟೇಜು, ಎರಡೂ ಅಲ್ಲೇ ಕಳೆದುಹೋಗುತ್ತವೆ. ಎರಡು ಎಳೆಗಳ ನಡುವಿನ ವ್ಯತ್ಯಾಸವಾದ ಸ್ವರ ಮಾತ್ರ ಕಾಂತದ ಮೂಲಕ ದಾಟುತ್ತದೆ, ತಾಮ್ರಕ್ಕೆ ತಾಮ್ರ ತಾಗದೆ.

ಕೆಲಸಕ್ಕೆ ಬೇಕಾದ್ದು 1:1 ಅನುಪಾತದ, 600 ಓಮಿನ ಎರಡು ಆಡಿಯೊ ಟ್ರಾನ್ಸ್‌ಫಾರ್ಮರು, ಒಂದು 3.5 ಮಿಲಿಮೀಟರ್ ಸ್ಟೀರಿಯೊ ಜ್ಯಾಕ್, ಆಂಪ್ಲಿಫೈಯರಿಗೆ ಚುಚ್ಚುವ ಎರಡು ಆರ್‌ಸಿಎ ಪಿನ್. ಲ್ಯಾನ್ ವಯರಿನೊಳಗೆ ಹುರಿ ಹೊಸೆದ ನಾಲ್ಕು ಬಣ್ಣದ ಜೋಡಿಗಳಿವೆ; 100 ಎಂಬಿಪಿಎಸ್ ನೆಟ್‌ವರ್ಕಿಗೆ ಕಿತ್ತಳೆ, ಹಸಿರು ಜೋಡಿಗಳಷ್ಟೇ ಬೇಕು. ನೀಲಿ, ಕಂದು ಖಾಲಿ. ಗಿಗಾಬಿಟ್‌ಗೆ ನಾಲ್ಕೂ ಬೇಕು. ಅದೇ ವಯರಿನಲ್ಲಿ ಕ್ಯಾಮರಾಕ್ಕೆ ಕರೆಂಟು ಹೋಗುತ್ತಿದ್ದರೆ ನೀಲಿ, ಕಂದಿನಲ್ಲಿ 48 ವೋಲ್ಟ್ ಇರಬಹುದು, ಮುಟ್ಟಬೇಡಿ. ಟೆಲಿಫೋನ್ ವಯರಾದರೆ ಹೊರಗಿನ ಲೈನಿನಿಂದ ಬಿಡಿಸಿ ಮಲ್ಟಿಮೀಟರಿನಲ್ಲಿ ನೋಡಿ: ಜೀವವಿರುವ ಲೈನಿನಲ್ಲಿ 48 ವೋಲ್ಟ್, ರಿಂಗ್ ಆಗುವಾಗ ಅದಕ್ಕೂ ಹೆಚ್ಚು.

ಜ್ಯಾಕಿನ ತುದಿಗೆ ನೀಲಿ, ನಡು ಉಂಗುರಕ್ಕೆ ಕಂದು; ನೀಲಿ-ಬಿಳಿ, ಕಂದು-ಬಿಳಿ ಎರಡನ್ನೂ ಬುಡಕ್ಕೆ ಬೆಸುಗೆ ಹಾಕಿ. ಕೆಳಗೆ ನೀಲಿ ಜೋಡಿ ಒಂದು ಟ್ರಾನ್ಸ್‌ಫಾರ್ಮರಿಗೆ, ಕಂದು ಜೋಡಿ ಇನ್ನೊಂದಕ್ಕೆ, ಅವುಗಳ ಮತ್ತೊಂದು ಬದಿ ಆರ್‌ಸಿಎ ಪಿನ್ನುಗಳಿಗೆ. ಎರಡು ಬದಿಗಳನ್ನು ಎಲ್ಲೂ ಜೋಡಿಸಬಾರದು. ಹುರಿ ಬಿಚ್ಚುವುದು ಒಂದೆರಡು ಸೆಂಟಿಮೀಟರ್ ಸಾಕು. ಸಾಮಾನ್ಯ ತಪ್ಪೆಂದರೆ ನೀಲಿಯಲ್ಲಿ ಎಡ, ನೀಲಿ-ಬಿಳಿಯಲ್ಲಿ ಬಲ ಕಳಿಸುವುದು. ಆಗ ಎಡಬಲ ಒಂದಕ್ಕೊಂದು ಸೋರುತ್ತವೆ, ಹುರಿಯ ಪ್ರಯೋಜನವೂ ಹೋಗುತ್ತದೆ. 230 ವೋಲ್ಟಿನ ಪೈಪಿನಲ್ಲಿ ಈ ವಯರ್ ತೂರಿಸಲೇಬೇಡಿ.

ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಮಾತ್ರ ಜಿಪುಣತನ ಬೇಡ. ಹಳೆಯ ಮೋಡೆಮಿನದ್ದು 300ರಿಂದ 3,400 ಹರ್ಟ್ಸಿನ ಮಾತಿಗೆಂದು ಮಾಡಿದ್ದು. ಅದೇ ವೋಲ್ಟೇಜಿಗೆ ಆವರ್ತನ ಅರ್ಧವಾದರೆ ತಿರುಳಿನಲ್ಲಿ ಕಾಂತತ್ವ ಇಮ್ಮಡಿ ಬೇಕು; ಚಿಕ್ಕ ತಿರುಳು ತುಂಬಿ ತುಳುಕಿ ಮದ್ದಳೆಯ ಗುಂಕಾರ ಒಡೆದು ಕೇಳುತ್ತದೆ. 20ರಿಂದ 20,000 ಹರ್ಟ್ಸ್ ಎಂದು ಬರೆದದ್ದನ್ನೇ ತನ್ನಿ.

ಅಂಗಳ ದಾಟಿ ಇನ್ನೊಂದು ಕಟ್ಟಡಕ್ಕೆ ಹೋಗುವ ವಯರಾದರೆ ಸಿಡಿಲಿಗೆ ಈ ಟ್ರಾನ್ಸ್‌ಫಾರ್ಮರು ಅಡ್ಡಿಯಲ್ಲ. ಮೇ ತಿಂಗಳಲ್ಲೂ ಅಕ್ಟೋಬರ್-ನವೆಂಬರಿನ ತುಲಾಮಳೆಯಲ್ಲೂ ಗುಡುಗು ಕೇಳುವ ಮೊದಲೇ ಎರಡೂ ತುದಿ ಕಿತ್ತಿಡಿ.

ಎಲ್ಲ ಕಟ್ಟಿದ ಮೇಲೂ ಮೊರೆತ ಉಳಿದರೆ ಜ್ಯಾಕನ್ನು ಕಂಪ್ಯೂಟರಿನಿಂದ ತೆಗೆದು ಅದರ ತುದಿ, ಉಂಗುರ, ಬುಡ ಮೂರನ್ನೂ ಒಂದು ತುಂಡು ತಂತಿಯಿಂದ ಸೇರಿಸಿ. ಮೊರೆತ ನಿಂತರೆ ದೋಷ ಕಂಪ್ಯೂಟರಿನ ಕಡೆ. ನಿಲ್ಲದಿದ್ದರೆ ಹೆಚ್ಚಾಗಿ ಆಂಪ್ಲಿಫೈಯರಿನ ಪವರ್ ಟ್ರಾನ್ಸ್‌ಫಾರ್ಮರಿನ ಕಾಂತ ನಿಮ್ಮ ಚಿಕ್ಕ ಟ್ರಾನ್ಸ್‌ಫಾರ್ಮರಿಗೆ ತಾಗುತ್ತಿದೆ: ಒಂದಡಿ ದೂರ ಸರಿಸಿ, ಅಡ್ಡಕ್ಕೆ ತಿರುಗಿಸುತ್ತ ಹೋಗಿ, ಸದ್ದು ಅಡಗಿದ ಕೋನದಲ್ಲಿ ಬಿಗಿದುಬಿಡಿ.