ಆರಾಮ ಅದೀರೇನ್ರಿ?

ಧಾರವಾಡಕ್ಕೆ ಕೆಲಸಕ್ಕೆ ಹೋದ ಹೊಸದ್ರಲ್ಲಿ ಜೊತೆಗಿದ್ದೋರೊಬ್ರು ಫೋನ್ ಮಾಡಿ "ಅವ್ವಗ ಆರಾಮಿಲ್ರಿ, ಇವತ್ತ ಬರೂದಿಲ್ಲ" ಅಂದ್ರು. ನಾನು ಮೈಸೂರು ಕಡೆಯವನು, ಅಮ್ಮಂಗೆ ಪುರುಸೊತ್ತಿಲ್ಲ, ಮನೇಲಿ ಏನೋ ಕೆಲಸ ಇರ್ಬೇಕು ಅನ್ಕೊಂಡು ಸರಿ ಬಿಡಿ ಅಂತ ಫೋನಿಟ್ಬಿಟ್ಟೆ, ಏನಾಗಿದೆ ಅಂತ ಒಂದು ಮಾತೂ ಕೇಳ್ಲಿಲ್ಲ. ಸಾಯಂಕಾಲ ಗೊತ್ತಾಯ್ತು, ಅವರಮ್ಮಂಗೆ ಜ್ವರ ಜಾಸ್ತಿಯಾಗಿ ದವಾಖಾನೆಗೆ ಸೇರ್ಸಿದ್ರಂತೆ. ತುಂಬಾ ಬೇಜಾರಾಯ್ತು.

ನಮ್ ಕಡೆ ಆರಾಮ ಅಂದ್ರೆ ನಿಧಾನ, ಸಲೀಸು. "ಆರಾಮಾಗಿ ಬನ್ನಿ, ಏನ್ ಅರ್ಜೆಂಟಿಲ್ಲ", "ಅವ್ನು ಆರಾಮಾಗಿ ಪಾಸಾಗ್ತಾನೆ". ಬೆಂಗ್ಳೂರಿನ ಹುಡುಗ್ರು ಹಿಂದಿ ಬಾಲ ಸೇರ್ಸಿ ಆರಾಮ್ಸೆ ಅಂತಾರೆ. ಉತ್ತರ ಕರ್ನಾಟಕದಲ್ಲಿ ಇದರ ಜೊತೆಗೆ ಅದು ಆರೋಗ್ಯದ ಮಾತೂ ಹೌದು, "ಆರಾಮ ಅದೀರೇನ್ರಿ" ಅಂದ್ರೆ ಚೆನ್ನಾಗಿದ್ದೀರಾ, "ಆರಾಮಾತು" ಅಂದ್ರೆ ವಾಸಿಯಾಯ್ತು. ನಾವು ಅದೇ ಜಾಗದಲ್ಲಿ ಹುಷಾರು ಅಂತೀವಿ, ಹುಷಾರಿಲ್ಲ, ಹುಷಾರಾದ್ರು ಅಂತ. ನಂಗೆ ತುಂಬಾ ಇಷ್ಟ ಆಗೋದು ಇಲ್ಲೇ, ಯಾಕಂದ್ರೆ ಎರಡೂ ಇರಾನಿನ ಪಾರ್ಸಿ ಭಾಷೆಯಿಂದ ಬಂದ ಪದಗಳು, ಪಾರ್ಸಿಯಲ್ಲಿ ಆರಾಮ್ ಅಂದ್ರೆ ಶಾಂತ, ಹುಶ್ಯಾರ್ ಅಂದ್ರೆ ಎಚ್ಚರವಾಗಿರೋನು. ಮೈ ಸರಿ ಇದೆ ಅನ್ನೋದಕ್ಕೆ ಒಂದು ಸೀಮೆಯವ್ರು ನೆಮ್ಮದಿಯ ಪದ ಹಿಡ್ಕೊಂಡ್ರು, ಇನ್ನೊಂದು ಸೀಮೆಯವ್ರು ಎಚ್ಚರದ ಪದ ಹಿಡ್ಕೊಂಡ್ರು! ಕರಾವಳಿಯವ್ರು ಈ ಎರಡನ್ನೂ ಬಿಟ್ಟು "ಸೌಖ್ಯವಾ" ಅಂತ ಕೇಳ್ತಾರೆ.

ಪಾರ್ಸಿ ನಮ್ಮಲ್ಲಿಗೆ ಬಂದಿದ್ದು ಆಡಳಿತದ ದಾರೀಲಿ. 1347ರಲ್ಲಿ ಶುರುವಾದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿ, ಆಮೇಲೆ ವಿಜಯಪುರದಲ್ಲಿ 1686ರವರೆಗೂ ಆದಿಲ್‌ಶಾಹಿಗಳು. ಜಮೀನು, ದಫ್ತರ, ಸರ್ಕಾರ ಎಲ್ಲಾ ಆ ಕಡೆಯವೇ.

ಆದ್ರೆ ಸಂಸ್ಕೃತದಲ್ಲೂ ಒಂದು ಆರಾಮ ಇದೆಯಲ್ಲ, ಅದರರ್ಥ ತೋಟ, ಉಪವನ. ಅಮರಕೋಶ ಅನ್ನೋ ಹಳೇ ಸಂಸ್ಕೃತ ನಿಘಂಟಲ್ಲೇ ಇದೆ. ಬೌದ್ಧ ಭಿಕ್ಷುಗಳು ತಂಗ್ತಿದ್ದ ಜಾಗಕ್ಕೆ ಸಂಘಾರಾಮ ಅಂತಿದ್ರು. ಇದು ರಮ್ ಅನ್ನೋ ಧಾತುವಿಂದ, ಅಂದ್ರೆ ಮೂಲ ಕ್ರಿಯಾಪದದಿಂದ ಬಂದಿದ್ದು, ಹಳೇ ಅರ್ಥ ನಿಲ್ಲೋದು, ತಂಗೋದು, ಆಮೇಲೆ ಖುಷಿಪಡೋದು, ವಿರಾಮದಲ್ಲಿ ನಿಲ್ಲೋ ಅರ್ಥ ಉಳ್ಕೊಂಡಿದೆ, ರಮ್ಯ, ರಮಣದಲ್ಲಿ ಖುಷಿ ಉಳ್ಕೊಂಡಿದೆ. ಪಾರ್ಸಿ ಸಂಸ್ಕೃತದ ಮಗಳಲ್ಲ, ಎರಡಕ್ಕೂ ಒಂದೇ ಇಂಡೋ-ಇರಾನಿಯನ್ ಮೂಲ, ಹಾಗಾಗಿ ಪಾರ್ಸಿಯ ಆರಾಮ್ ಕೂಡ ಇದೇ ಬೇರಿನ ಕುಡಿ.

ಆಗ್ರಾದಲ್ಲಿ ಯಮುನೆ ದಡದಲ್ಲಿ ಬಾಬರ್ 1528ರ ಸುಮಾರಿಗೆ ಮಾಡಿಸಿದ ಒಂದು ತೋಟ ಇದೆ, ಹೆಸರು ಆರಾಮ್ ಬಾಗ್, 1530ರಲ್ಲಿ ಅವನು ತೀರ್ಕೊಂಡಾಗ ಮೊದಲು ಹೂತಿದ್ದೂ ಅಲ್ಲೇ ಅಂತಾರೆ, ಆಮೇಲೆ ಕಾಬೂಲಿಗೆ ತಗೊಂಡ್ಹೋದ್ರು. ಪಾರ್ಸಿಯಲ್ಲಿ ಆರಾಮ್‌ಗಾಹ್ ಅಂದ್ರೆ ಸಮಾಧಿ ಬೇರೆ. ಜನರ ಬಾಯಲ್ಲಿ ಆ ತೋಟ ಈಗ ರಾಮ್ ಬಾಗ್ ಆಗಿದೆ, ಮೊದಲಕ್ಷರ ಬಿದ್ದೋಯ್ತು, ಆದ್ರೆ ರಾಮ ಅನ್ನೋ ಪದವೂ ರಮ್ ಧಾತುವಿನದೇ.